ಉಪ್ಪಿನಲ್ಲಿ ಅಯೋಡಿನ್ ಎಷ್ಟಿದೆ?

‘ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ’ ಎನ್ನುತ್ತಾರೆ ಹಿರಿಯರು. ಗರ್ಭಿಣಿ ತಾಯಿಗೆ ಅಯೋಡಿನ್ ಕೊರತೆಯಾದರೆ ಮಗುವಿನ ಬುದ್ಧಿ ಬೆಳವಣಿಗೆಯೇ ಕುಂಠಿತವಾದೀತು. ಆದ್ದರಿಂದಲೇ ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟವನ್ನು ಕೇಂದ್ರ ಸರಕಾರ 2006ರಲ್ಲಿ ನಿಷೇಧಿಸಿತು. ಗ್ರಾಹಕರ ಕೈಸೇರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಲೇಬೇಕು.

ಹನಿ ಹಾಕಿ ನೋಡುವ ಕಿಟ್‌ನಲ್ಲಿ ನೀಲಿ ಬಣ್ಣ ಬಂದರೆ ಅಯೋಡಿನ್ ಇದೆ ಎಂದಷ್ಟೇ ಅರ್ಥ. ಎಷ್ಟಿದೆ ಎಂದು ತಿಳಿಯಲು ಟೈಟ್ರೇಶನ್ ಬೇಕು. ಪ್ರಯೋಗಾಲಯದಲ್ಲಿ ಉಪ್ಪುನೀರಿಗೆ ಆಮ್ಲ, ಪೊಟ್ಯಾಸಿಯಂ ಅಯೋಡೈಡ್ ಬೆರೆಸಿ, ಹೊರಬಂದ ಅಯೋಡಿನ್‌ಗೆ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತಾರೆ. ಪಿಷ್ಟದಿಂದ ಮೂಡಿದ ನೀಲಿ ಮಾಯವಾಗುವವರೆಗೆ ಖರ್ಚಾದ ದ್ರಾವಣವೇ ಲೆಕ್ಕ ಹೇಳುತ್ತದೆ.

ಮುಂಬಯಿಯ ತೇವದ ಹವೆಯಲ್ಲಿ ತೆರೆದಿಟ್ಟ ಉಪ್ಪು ಅಯೋಡಿನ್ ಕಳೆದುಕೊಳ್ಳುತ್ತದೆ. ಗೃಹಿಣಿಯರು ಉಪ್ಪಿನ ಡಬ್ಬಿಯ ಮುಚ್ಚಳ ಮರೆಯದಿರಲಿ. ಆರೋಗ್ಯ ಶಿಬಿರ ನಡೆಸುವ ನಮ್ಮ ಸಂಘ-ಸಂಸ್ಥೆಗಳು ಮನೆಮನೆಯ ಉಪ್ಪಿನ ಪರೀಕ್ಷೆಗೂ ಮುಂದಾಗಲಿ.