ಆಸೆ ತೋರಿಸುವಾಗ ಕನ್ನಡ, ಸಹಿ ಹಾಕಿಸುವಾಗ ಅರಬಿ!



ಬೆಂಗಳೂರಿನಲ್ಲಿ ಅಂಗಡಿಯ ಬೋರ್ಡು ಇಂಗ್ಲಿಷಿನಲ್ಲಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಇವತ್ತು ನಾನು ಬೋರ್ಡಿನ ವಿಷಯ ಬರೆಯುತ್ತಿಲ್ಲ. ಒಂದು ಕಾಗದದ ವಿಷಯ ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ಪಾಲಿನ ತಪ್ಪೂ ಉಂಟು.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಓದಿದ್ದು ಪಿಯುಸಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಅಂಗಡಿಯವರ ಬಿಲ್ ಬುಕ್ಕು, ಇದೇ ನನ್ನ ಅನ್ನ. 2012ರಲ್ಲಿ ಒಬ್ಬ ಏಜೆಂಟ್ ಬಂದ. ‘ಗಲ್ಫ್ ಆಸ್ಪತ್ರೆಗೆ ನರ್ಸ್‌ಗಳು ಬೇಕಾಗಿದ್ದಾರೆ, ಕೈತುಂಬ ಸಂಬಳ, ಊಟ ವಸತಿ ಉಚಿತ’ ಎಂದು 2 ಸಾವಿರ ಹ್ಯಾಂಡ್‌ಬಿಲ್ಲು ಹಾಕಿಸಿದ. ಅಚ್ಚ ಕನ್ನಡ! ಪ್ರೂಫ್ ನೋಡಿದವನು ನಾನೇ. ಒಂದು ಕಾಗುಣಿತ ತಪ್ಪೂ ಇರಲಿಲ್ಲ. ಬೆಳ್ತಂಗಡಿ, ಮೂಡುಬಿದಿರೆ ಬಸ್‌ಸ್ಟ್ಯಾಂಡುಗಳಲ್ಲಿ ಹಂಚಿದರು.

ಅದನ್ನು ನಂಬಿ ಹೊರಟವರಲ್ಲಿ ಬೆಳ್ತಂಗಡಿ ಕಡೆಯ ನನ್ನ ಪರಿಚಯದ ಮನೆಯ ಹುಡುಗಿಯೂ ಒಬ್ಬಳು. ತಾಯಿ ಬೀಡಿ ಕಟ್ಟಿ ನರ್ಸಿಂಗ್ ಓದಿಸಿದವರು. ಏಜೆಂಟನಿಗೆ ಕೊಡಲು ಸೊಸೈಟಿಯಲ್ಲಿ ಚಿನ್ನ ಅಡವಿಟ್ಟರು. ಒಪ್ಪಂದದ ಕಾಗದ ಅವಳ ಕೈಗೆ ಬಂದದ್ದು ಮುಂಬೈಯಲ್ಲಿ, ವಿಮಾನ ಹತ್ತುವ ಹಿಂದಿನ ರಾತ್ರಿ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಅರಬಿ. ಸಹಿ ಹಾಕು ಎಂದರು. ಹಾಕಿದಳು.

ಹೋದ ಮೇಲೆ ಗೊತ್ತಾಯಿತು. ಒಂದೇ ವಾರ್ಡು, ಒಂದೇ ಯೂನಿಫಾರ್ಮು, ಒಂದೇ ಡ್ಯೂಟಿ. ಸಂಬಳ ಮಾತ್ರ ಪಾಸ್‌ಪೋರ್ಟ್ ನೋಡಿ! ಬಿಳಿಯರ ದೇಶದವಳಿಗೆ ಒಂದು ದರ, ನಮ್ಮವಳಿಗೆ ಇನ್ನೊಂದು. ಸಾಲು ಸಾಲು ರಾತ್ರಿ ಪಾಳಿ ಯಾರಿಗೆ? ನಮ್ಮವಳಿಗೆ. ತಪ್ಪಾದಾಗ ಮೊದಲು ಬೈಗುಳ ಯಾರಿಗೆ? ನಮ್ಮವಳಿಗೆ. ಬಿಟ್ಟು ಬರೋಣವೆಂದರೆ ಪಾಸ್‌ಪೋರ್ಟ್ ಆಸ್ಪತ್ರೆಯವರ ಕಪಾಟಿನಲ್ಲಿ. ಕೇಳಿದರೆ ಒಂದೇ ಉತ್ತರ: ‘ನೀನೇ ಸಹಿ ಹಾಕಿದ್ದೀಯಲ್ಲ?’ ಎರಡು ವರ್ಷ ದುಡಿದು ಬಂದಾಗ ಅಡವಿಟ್ಟ ಚಿನ್ನ ಬಿಡಿಸಿಕೊಂಡಳು. ಅಷ್ಟೇ ಲಾಭ.

ಕಾನೂನು ಇರಲಿಲ್ಲವೇ ಸ್ವಾಮಿ? ಇತ್ತು! ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು ಎಂದು 1967ರ ಕಾಯ್ದೆ ಹೇಳುತ್ತದೆ. 1983ರ ವಲಸೆ ಕಾಯ್ದೆಯ ನಿಯಮದಂತೆ ಆಗ ಏಜೆಂಟ್ 20 ಸಾವಿರ ರೂಪಾಯಿಗಿಂತ ಹೆಚ್ಚು ಸೇವಾಶುಲ್ಕ ಮುಟ್ಟುವ ಹಾಗಿರಲಿಲ್ಲ. ಆಮೇಲೆ ಆ ಮಿತಿ 30 ಸಾವಿರ ಆಯಿತು. ಆದರೆ 2015ರಲ್ಲಿ ಕೊಚ್ಚಿಯ ಒಂದು ಏಜೆನ್ಸಿಯ ಮೇಲೆ ಸಿಬಿಐ ಬಿದ್ದಾಗ ಹೊರಬಂದ ಆರೋಪ ಏನು? ಕುವೈತಿಗೆ ಹೋಗುವ ಒಬ್ಬೊಬ್ಬ ನರ್ಸಿನಿಂದ ಹತ್ತೊಂಬತ್ತೂವರೆ ಲಕ್ಷ!

ಆ ವರ್ಷವೇ ಕೇಂದ್ರ ಸರ್ಕಾರ ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳನ್ನು ಸರ್ಕಾರಿ ಸಂಸ್ಥೆಗಳೇ ಕಳಿಸಬೇಕು ಎಂದಿತು. ಮೊದಲ ಪಟ್ಟಿಯಲ್ಲಿ ಯಾರಿದ್ದರು? ಕೇರಳದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್, ಜೊತೆಗೆ ತಮಿಳುನಾಡಿನ ನಿಗಮ. ಕರ್ನಾಟಕ? ಹೆಸರೇ ಇಲ್ಲ! ಒಡೆಪೆಕ್ ಸುರುವಾದದ್ದು 1977ರಲ್ಲಿ. ನಮ್ಮವರು ಅಷ್ಟು ವರ್ಷ ಏನು ಮಾಡುತ್ತಿದ್ದರು? ಈಗ ನಮ್ಮ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಉಂಟು. ಆದರೆ ಮೂಡುಬಿದಿರೆಯ ಹಾಸ್ಟೆಲಿನಲ್ಲಿ ನರ್ಸಿಂಗ್ ಓದುವ ಹುಡುಗಿಗೆ ಏಜೆಂಟನ ಮೊಬೈಲ್ ನಂಬರ್ ಗೊತ್ತು, ಆ ಕೇಂದ್ರದ ಹೆಸರು ಗೊತ್ತಿಲ್ಲ.

ಇನ್ನೊಂದು ಕೇಳಿ. 2021ರ ಜೂನ್‌ನಲ್ಲಿ ದಿಲ್ಲಿಯ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಸುತ್ತೋಲೆ ಬಂತು: ನರ್ಸ್‌ಗಳು ಮಲಯಾಳಂ ಮಾತಾಡಕೂಡದು, ಹಿಂದಿ ಇಲ್ಲವೇ ಇಂಗ್ಲಿಷ್ ಮಾತ್ರ, ತಪ್ಪಿದರೆ ಕಠಿಣ ಕ್ರಮ. ನರ್ಸ್‌ಗಳು ತಿರುಗಿಬಿದ್ದರು. ಇಡೀ ಕೇರಳ ಅವರ ಬೆನ್ನಿಗೆ ನಿಂತಿತು. ಮರುದಿನವೇ ಸುತ್ತೋಲೆ ವಾಪಸ್! ಅದೇ ಜಾಗದಲ್ಲಿ ನಮ್ಮ ಹುಡುಗಿಯರು ಇದ್ದಿದ್ದರೆ? ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ ಕಲಿತ ಈ ಮಕ್ಕಳ ಪರವಾಗಿ ಯಾರು ಬಾಯಿ ತೆರೆಯುತ್ತಿದ್ದರು? ಎದೆ ಮುಟ್ಟಿ ಹೇಳಿ.

‘ನರ್ಸ್ ಓದಿದವಳಿಗೆ ಇಂಗ್ಲಿಷ್ ಬರುವುದಿಲ್ಲವಾ?’ ಎಂದು ಕೆಲವರು ನಗುತ್ತಾರೆ. ಮದ್ದಿನ ಇಂಗ್ಲಿಷ್ ಬರುತ್ತದೆ ಮಾರಾಯ್ರೆ, ವಕೀಲರ ಇಂಗ್ಲಿಷ್ ಬೇರೆ! ಅರಬಿ ಪ್ರತಿಗೂ ಇಂಗ್ಲಿಷ್ ಪ್ರತಿಗೂ ವ್ಯತ್ಯಾಸ ಬಂದರೆ ಅಲ್ಲಿನ ಕೋರ್ಟಿನಲ್ಲಿ ಗೆಲ್ಲುವುದು ಅರಬಿ. ಚಿನ್ನ ಅಡವಿಡುವ ತಾಯಿಗೆ ಎರಡೂ ಓದಲು ಬರುವುದಿಲ್ಲ. ಬ್ರಿಟನ್ನಿಗೆ ಹೋಗುವ ನರ್ಸಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಸರಿಯೇ, ರೋಗಿಯ ಮಾತು ಅರ್ಥವಾಗಬೇಕು. ಹಾಗಾದರೆ ಅವಳು ಸಹಿ ಹಾಕುವ ಕಾಗದ ಅವಳಿಗೆ, ಅವಳ ತಾಯಿಗೆ ಅರ್ಥವಾಗಬೇಡವೇ?

ಆದ್ದರಿಂದ ನಮ್ಮ ಬೇಡಿಕೆ ಮೂರೇ. ಒಪ್ಪಂದದ ಕನ್ನಡ ಪ್ರತಿ ಹದಿನೈದು ದಿನ ಮೊದಲೇ ಮನೆಗೆ ಬರಬೇಕು. ಸಂಬಳ, ಪಾಳಿ, ರಜೆ, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ ಎಂಬುದು ಅದರಲ್ಲಿ ಸ್ಪಷ್ಟ ಇರಬೇಕು. ಮಂಗಳೂರಿನಲ್ಲಿ ಸರ್ಕಾರದ ವಲಸೆ ಕಚೇರಿ ತೆರೆದು, ಅದರ ಜನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆ ಬಂದು ಕನ್ನಡದಲ್ಲಿ ತಿಳಿಸಬೇಕು. ಗಲ್ಫಿನ ನಮ್ಮ ರಾಯಭಾರ ಕಚೇರಿಗಳಲ್ಲಿ ಕನ್ನಡ ಬಲ್ಲ ಒಬ್ಬರಾದರೂ ದೂರು ಕೇಳಲು ಕೂರಬೇಕು.

ಬೆಂಗಳೂರಿನ ಗೆಳೆಯರೇ, ಬೋರ್ಡಿಗೆ ಹೋರಾಡಿದ ಕೈಗಳೇ ಈ ಕಾಗದಕ್ಕೂ ಹೋರಾಡಲಿ. ನಿಮ್ಮ ಪಿಜಿಯಲ್ಲಿ, ನಿಮ್ಮ ಬೀದಿಯ ಆಸ್ಪತ್ರೆಯಲ್ಲಿ ಇರುವ ನಮ್ಮ ಕಡೆಯ ನರ್ಸ್‌ಗಳನ್ನು ಮಾತಾಡಿಸಿ. ಹೊರಡುವ ಮುಂಚೆ ಏಜೆಂಟನ ಹೆಸರು ಕೇಂದ್ರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಉಂಟೋ ಇಲ್ಲವೋ ನೋಡಿಕೊಡಿ. ಅದು ಐದು ನಿಮಿಷದ ಕೆಲಸ.

ನನ್ನ ಪಾಲಿನದು ನಾನು ಮಾಡಿದ್ದೇನೆ. ನೋಂದಣಿ ಸಂಖ್ಯೆ ತೋರಿಸದ ಏಜೆಂಟನ ಹ್ಯಾಂಡ್‌ಬಿಲ್ಲು ಈಗ ನನ್ನಲ್ಲಿ ಅಚ್ಚಾಗುವುದಿಲ್ಲ. ಅಂದಿನ ಹ್ಯಾಂಡ್‌ಬಿಲ್ಲಿನ ಒಂದು ಪ್ರತಿ ಇನ್ನೂ ನನ್ನ ಮೇಜಿನಲ್ಲಿದೆ. ಏಜೆಂಟನ ನಂಬರಿಗೆ ಫೋನ್ ಹೋಗುವುದಿಲ್ಲ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಪ್ರೆಸ್ಸಿನ ಹೆಸರು ಮಾತ್ರ ಹಾಗೆಯೇ ಉಂಟು.