ಮೊದಲ ರ‍್ಯಾಂಕ್ ಬಂದ ಔಷಧಿ

ಮಳೆಗಾಲ ಶುರುವಾದರೆ ಪುಣೆಯ ನನ್ನ ಕ್ಲಿನಿಕ್ಕಿನಲ್ಲಿ ವಾಂತಿ-ಭೇದಿಯ ಮಕ್ಕಳದ್ದೇ ಸಾಲು. ಅಪ್ಪ ಅಮ್ಮಂದಿರು ಮೊಬೈಲಿನಲ್ಲಿ ಓದಿಕೊಂಡೇ ಬರುತ್ತಾರೆ. "ಡಾಕ್ಟ್ರೇ, ನಂಬರ್ ಒನ್ ಯಾವುದೋ ಅದನ್ನೇ ಬರೆದುಕೊಡಿ" ಅನ್ನುತ್ತಾರೆ. ಕೇಳುವುದು ತಪ್ಪಲ್ಲ. ನಂಬರ್ ಒನ್ ಅನ್ನು ನಾವು ವೈದ್ಯರು ಹೇಗೆ ಪರೀಕ್ಷಿಸುತ್ತೇವೆ ಎಂಬುದನ್ನು ಈ ಸಲ ಹೇಳುತ್ತೇನೆ.

ಹಲವು ಚಿಕಿತ್ಸೆಗಳನ್ನು ಒಟ್ಟಿಗೆ ತೂಗಿ ನೋಡುವ ಅಧ್ಯಯನಕ್ಕೆ ನೆಟ್‌ವರ್ಕ್ ಮೆಟಾ-ಅನಾಲಿಸಿಸ್ ಎನ್ನುತ್ತಾರೆ. ಮಕ್ಕಳ ಭೇದಿಯ ಬಗ್ಗೆ 2018ರಲ್ಲಿ ಅಂಥದ್ದೊಂದು ಬಂತು. 174 ಪ್ರಯೋಗಗಳು, 32,430 ಮಕ್ಕಳು. ಜಿಂಕ್ ಜೊತೆ ಸ್ಯಾಕರೋಮೈಸಿಸ್ ಬೊಲಾರ್ಡಿ ಎಂಬ ಪ್ರೋಬಯಾಟಿಕ್, ಜಿಂಕ್ ಜೊತೆ ಸ್ಮೆಕ್ಟೈಟ್ ಎಂಬ ಜೇಡಿಯ ಪುಡಿ, ಈ ಜೋಡಿಗಳು ಮೇಲಿನ ಸ್ಥಾನ ಪಡೆದವು.

ಹಾಗಂತ ಕಣ್ಣು ಮುಚ್ಚಿ ಬರೆಯಬಹುದೆ? ನಾನು ಮೊದಲು ನೋಡುವುದು, ಯಾವುದು ಯಾವುದರ ಎದುರು ನೇರವಾಗಿ ಆಡಿದೆ ಎಂದು. ರಣಜಿಯಲ್ಲಿ ಕರ್ನಾಟಕ ಮುಂಬೈಯನ್ನು, ಮುಂಬೈ ದೆಹಲಿಯನ್ನು ಸೋಲಿಸಿತು ಎಂದುಕೊಳ್ಳಿ. ಕರ್ನಾಟಕ ದೆಹಲಿಯನ್ನೂ ಸೋಲಿಸುತ್ತದೆ ಎಂದು ಲೆಕ್ಕ ಹಾಕಬಹುದು. ಆದರೆ ಪಿಚ್ ಬೇರೆಯಿದ್ದರೆ ಆ ಲೆಕ್ಕ ಕೈಕೊಡುತ್ತದೆ. ಜಿಂಕ್ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ನಮ್ಮಂಥ ದೇಶಗಳಲ್ಲಿ. ದೇಹದಲ್ಲಿ ಜಿಂಕ್ ಸಾಕಷ್ಟಿರುವ ಯುರೋಪಿನ ಮಗುವಿಗೂ ಅಷ್ಟೇ ಲಾಭ ಎನ್ನಲಾಗದು.

ಎರಡನೆಯದು, ಗೆಲುವಿನ ಅಂತರ. ಅದನ್ನು ರ‍್ಯಾಂಕ್ ಹೇಳುವುದಿಲ್ಲ. ಒಂದೆರಡು ಸಣ್ಣ ಪ್ರಯೋಗಗಳಷ್ಟೇ ಇರುವ ಔಷಧಿಯೂ ಅದೃಷ್ಟದಿಂದ ಮೊದಲಿಗೆ ಬಂದೀತು.

ಮೂರನೆಯದು, ಹುಡುಕಾಟ ಯಾವ ತಿಂಗಳಿಗೆ ನಿಂತಿದೆ ಎಂಬುದು. 2018ರ ನವೆಂಬರಿನಲ್ಲಿ ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಪ್ರಯೋಗಗಳು ಪ್ರಕಟವಾದವು. ಲ್ಯಾಕ್ಟೋಬ್ಯಾಸಿಲಸ್ ಪ್ರೋಬಯಾಟಿಕ್‌ನಿಂದ ಎರಡರಲ್ಲೂ ಲಾಭ ಕಾಣಲಿಲ್ಲ. ಅದಕ್ಕೂ ಮೊದಲೇ ಹುಡುಕಾಟ ಮುಗಿಸಿದ ಪಟ್ಟಿಯಲ್ಲಿ ಅವು ಇರುವುದಿಲ್ಲ.

ಕೊನೆಯದು, ಏನನ್ನು ಅಳೆದರು ಎಂಬುದು. ಭೇದಿ ಒಂದು ದಿನ ಮೊದಲೇ ನಿಂತರೆ ಒಳ್ಳೆಯದೇ. ಆದರೆ ಮಗುವಿನ ಜೀವಕ್ಕೆ ಕುತ್ತು ತರುವುದು ಮೈಯ ನೀರು ಬತ್ತುವುದು. ಅದಕ್ಕೆ ಓಆರ್‌ಎಸ್ಸೇ ಆಗಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ನಡುವೆ ಡಾ. ದಿಲೀಪ್ ಮಹಲನಬೀಸ್ ಅದನ್ನು ತೋರಿಸಿಕೊಟ್ಟರು. ಇಂಥ ಪಟ್ಟಿಗಳ ತುದಿಯಲ್ಲಿ ಓಆರ್‌ಎಸ್ ಹೆಸರು ಕಾಣದಿದ್ದರೆ ಅಚ್ಚರಿಯಿಲ್ಲ. ಸಾಮಾನ್ಯವಾಗಿ ಎಲ್ಲ ಗುಂಪಿನ ಮಕ್ಕಳಿಗೂ ಅದನ್ನು ಕೊಟ್ಟೇ ಇರುತ್ತಾರೆ.

ಆದ್ದರಿಂದ ನನ್ನ ಚೀಟಿಯಲ್ಲಿ ಮೊದಲು ಓಆರ್‌ಎಸ್, ಆಮೇಲೆ ಜಿಂಕ್, ಉಳಿದದ್ದು ಮಗುವನ್ನು ನೋಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕುಡಿಸಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ಮೊಬೈಲ್ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.