ಕೈ ಬಂತು, ಮನುಷ್ಯ ಹೋದ

ಸ್ಪೈಡರ್‌ಮ್ಯಾನ್ ಗೊತ್ತಿಲ್ಲದ ಮಕ್ಕಳಿರೋ ಮನೆ ಈಗ ಸಿಗೋದು ಕಷ್ಟ. ಬ್ಯಾಗು, ನೀರಿನ ಬಾಟಲಿ, ಬರ್ತ್‌ಡೇ ಕೇಕು ಎಲ್ಲದರ ಮೇಲೂ ಅವನೇ. ಅವನ ಎದುರಾಳಿಗಳಲ್ಲಿ ಒಬ್ಬ ಹಸಿರು ಹಲ್ಲಿ ಇದ್ದಾನೆ. ಬಿಳಿ ಕೋಟು, ಹರಿದ ಪ್ಯಾಂಟು, ಉದ್ದ ಬಾಲ. ಮಕ್ಕಳಿಗೆ ಅವನು ಬರೀ 'ಲಿಜರ್ಡ್'. ಆದರೆ ಅವನ ಕಥೆ ದೊಡ್ಡವರು ಓದಬೇಕಾದ್ದು ಅಂತ ನನಗನ್ನಿಸುತ್ತೆ.

ಹೆಸರು ಡಾಕ್ಟರ್ ಕರ್ಟ್ ಕಾನರ್ಸ್. 1963ರ ನವೆಂಬರ್ ತಿಂಗಳ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಆರನೇ ಸಂಚಿಕೆಯಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಇವನನ್ನು ತಂದರು. ಸರ್ಜನ್ ಆಗಿದ್ದವನು, ಯುದ್ಧದಲ್ಲಿ ಬಲಗೈ ಕಳ್ಕೊಂಡ. ಆಪರೇಷನ್ ಮಾಡೋ ಕೈಯೇ ಹೋದ ಮೇಲೆ ಅಮೆರಿಕದ ಫ್ಲೋರಿಡಾದ ಜೌಗು ಪ್ರದೇಶಕ್ಕೆ ಹೋಗಿ ಸರೀಸೃಪಗಳ ಅಧ್ಯಯನಕ್ಕೆ ಕೂತ. ಹೆಂಡತಿ ಮಾರ್ಥಾ, ಪುಟ್ಟ ಮಗ ಬಿಲ್ಲಿ. ಬಾಲ ಕಳಚಿದ ಹಲ್ಲಿಗೆ ಬಾಲ ಮತ್ತೆ ಬರುತ್ತಲ್ಲ, ಆ ಗುಟ್ಟು ಸಿಕ್ಕರೆ ಮನುಷ್ಯನ ಕೈಯೂ ಬರಬೇಕಲ್ವಾ? ಒಂದು ಸೀರಮ್ ತಯಾರಿಸಿದ, ಮೊದಲು ತಾನೇ ಕುಡಿದ. ಕೈ ಬಂತು. ಸ್ವಲ್ಪ ಹೊತ್ತಿಗೆ ಚರ್ಮ ಹಸಿರಾಯ್ತು, ಬಾಲವೂ ಬಂತು.

ವಿಜ್ಞಾನದ ಲೆಕ್ಕದಲ್ಲಿ ನೋಡಿದರೆ ಕಾನರ್ಸ್ ಹಿಡಿದ ಪ್ರಾಣಿಯೇ ತಪ್ಪು. ನಮ್ಮ ಗೋಡೆ ಮೇಲಿನ ಹಲ್ಲಿಗೆ ಬಾಲ ಬರುತ್ತೆ ನಿಜ, ಆದರೆ ಹೊಸ ಬಾಲದೊಳಗೆ ಮೊದಲಿನ ಹಾಗೆ ಬೆನ್ನುಮೂಳೆಯ ತುಂಡುಗಳಿರಲ್ಲ, ಮೃದು ಎಲುಬಿನ ಒಂದು ಕೊಳವೆ ಇರುತ್ತೆ ಅಷ್ಟೆ. ಕಾಲು ಹೋದರೆ ಅದಕ್ಕೆ ಸರಿಯಾಗಿ ವಾಪಸ್ ಬರಲ್ಲ. ಕಾಲನ್ನು ಮೂಳೆ, ಸ್ನಾಯು, ಬೆರಳು ಸಮೇತ ಮತ್ತೆ ಬೆಳೆಸಿಕೊಳ್ಳೋದು ಮೆಕ್ಸಿಕೋದ ಆಕ್ಸೊಲಾಟಲ್ ಅನ್ನೋ ನೀರಿನ ಜೀವಿ. ಅದು ಹಲ್ಲಿಯಲ್ಲ, ಕಪ್ಪೆಯ ಕಡೆಯ ಸಂಬಂಧಿ. 2018ರಲ್ಲಿ ಅದರ ಜೀನೋಮ್ ಪೂರ್ತಿ ಓದಿದಾಗ ನಮ್ಮದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು ಅಂತ ತಿಳೀತು. ನಮಗೂ ಸ್ವಲ್ಪ ಈ ಶಕ್ತಿ ಉಳಿದಿದೆ. ಲಿವರ್ ಮತ್ತೆ ಬೆಳೆಯುತ್ತೆ. ಚಿಕ್ಕ ಮಕ್ಕಳ ಬೆರಳ ತುದಿ ತುಂಡಾದರೂ ಉಗುರಿನ ಬುಡ ಉಳಿದಿದ್ದರೆ ಕೆಲವೊಮ್ಮೆ ಬರುತ್ತೆ. ಇಡೀ ಕೈ ಮಾತ್ರ ಬರಲ್ಲ.

ಇದನ್ನೆಲ್ಲ ನಾನು ಓದಿದ್ದು ನಮ್ಮ ಚಿಕ್ಕಪ್ಪನಿಂದಾಗಿ. ಮಂಡ್ಯ ಕಡೆ ನಮ್ಮೂರು. ಆಲೆಮನೆಯ ಗಾಣಕ್ಕೆ ಸಿಕ್ಕಿ ಅವರ ಎಡಗೈ ಮೊಣಕೈಯಿಂದ ಕೆಳಗೆ ಹೋಗಿದೆ. ಒಂದೇ ಕೈಯಲ್ಲಿ ಪಂಚೆ ಉಡ್ತಾರೆ, ತೆಂಗಿನಕಾಯಿ ಸುಲೀತಾರೆ, ಇಲ್ಲದ ಬೆರಳು ಕಡಿಯುತ್ತೆ ಅಂತ ರಾತ್ರಿ ಎದ್ದು ಕೂರ್ತಾರೆ. ಒಂದು ರಜೆಯಲ್ಲಿ ಅವರ ಜೊತೆ ಕೂತು 2012ರ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸಿನಿಮಾ ನೋಡಿದೆ. ಕಾನರ್ಸ್ ಪಾತ್ರ ರೀಸ್ ಇಫಾನ್ಸ್ ಅವರದು. ನೋಡ್ತಾ ನೋಡ್ತಾ ಚಿಕ್ಕಪ್ಪ, "ಕೈ ಇಲ್ದಿದ್ರೂ ಅಷ್ಟು ದೊಡ್ಡ ವಿಜ್ಞಾನಿ ಆಗವ್ನೆ, ಇನ್ನೇನ್ ಬೇಕಿತ್ತಂತೆ ಇವ್ನಿಗೆ?" ಅಂದರು. ನಾನು ನಕ್ಕೆ. ಐದು ನಿಮಿಷ ಬಿಟ್ಟು, ಪರದೆ ಮೇಲೆ ಅವನ ಹೊಸ ಕೈ ಹೊರಗೆ ಬಂದಾಗ, ಮೆಲ್ಲಗೆ ಅಂದರು: "ಕೊಟ್ಟಿದ್ರೆ ನಾನೂ ಚುಚ್ಚುಸ್ಕೊತಿದ್ನೇನೋ ಕಣ್ಲಾ."

ಆ ಎರಡು ಮಾತೂ ನಿಜ. ಎರಡನ್ನೂ ಒಬ್ಬನೇ ಮನುಷ್ಯ ಒಂದೇ ಸಂಜೆ ಹೇಳಬಹುದು. ಅದಕ್ಕೇ ಕಾನರ್ಸ್‌ನನ್ನು ಸುಮ್ಮನೆ ದುರಾಸೆಯ ಮನುಷ್ಯ ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಅವನು ಕೇಳಿದ್ದು ಸಿಂಹಾಸನವಲ್ಲ, ಹುಟ್ಟುವಾಗ ತನ್ನ ಜೊತೆಗೇ ಬಂದಿದ್ದ ಒಂದು ಕೈ.

ಆ ಸಿನಿಮಾದಲ್ಲಿ ನನ್ನಂಥ ಕಂಪನಿ ಕೆಲಸದವರಿಗೆ ಚೆನ್ನಾಗಿ ಅರ್ಥವಾಗೋ ಒಂದು ಭಾಗವಿದೆ. ಮೇಲಿನವರಿಗೆ ಔಷಧಿ ಬೇಗ ಬೇಕು. ನಮ್ಮ ಇರ್ಫಾನ್ ಖಾನ್ ಮಾಡಿದ ಡಾಕ್ಟರ್ ರಾಥಾ ಪಾತ್ರ, ಮನುಷ್ಯರ ಮೇಲೆ ಈಗಲೇ ಪ್ರಯೋಗ ಮಾಡು ಅಂತ ಒತ್ತಾಯ ಮಾಡುತ್ತೆ. ಕಾನರ್ಸ್ ಒಪ್ಪಲ್ಲ. ಹಾಗಾದರೆ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಫ್ಲೂ ಚುಚ್ಚುಮದ್ದು ಅಂತ ಸುಳ್ಳು ಹೇಳಿ ಕೊಡ್ತೀನಿ ಅಂತ ರಾಥಾ ಹೊರಡ್ತಾನೆ. ಕೆಲಸವೂ ಹೋಗಿ, ಸಮಯವೂ ಮುಗಿದಾಗ ಕಾನರ್ಸ್ ತನಗೇ ಚುಚ್ಚಿಕೊಳ್ತಾನೆ. ನಾವು ಸಾಫ್ಟ್‌ವೇರ್‌ನೋರು ಹೊಸ ಕೋಡ್ ಹಾಕೋ ಮೊದಲು ಟೆಸ್ಟ್ ಮಾಡ್ತೀವಿ, ಕೆಟ್ಟರೆ ಹಳೇ ವರ್ಷನ್‌ಗೆ ವಾಪಸ್ ಬರೋ ದಾರಿ ಇಟ್ಕೊಂಡಿರ್ತೀವಿ. ಕಾನರ್ಸ್ ತನ್ನ ಮೈಗೆ ಸೀರಮ್ ಹಾಕುವಾಗ ವಾಪಸ್ ಬರೋ ದಾರಿ ಇಟ್ಟುಕೊಂಡಿರಲಿಲ್ಲ. ಮೂಲ ಕಾಮಿಕ್‌ನಲ್ಲಿ ಆ ದಾರಿ ಹುಡುಕಿದ್ದು ಸ್ಪೈಡರ್‌ಮ್ಯಾನ್. ಅದೂ ಕಾನರ್ಸ್‌ನ ಲ್ಯಾಬಲ್ಲೇ ಕೂತು, ಅವನ ಟಿಪ್ಪಣಿಗಳನ್ನೇ ಓದಿ.

ನನಗೆ ಹೆದರಿಕೆಯಾಗೋದು ಆ ಬಾಲ, ಹಲ್ಲು ನೋಡಿ ಅಲ್ಲ. ಹಲ್ಲಿಯಾದ ಮೇಲೆ ಅವನಿಗೆ ತಾನು ಕೆಟ್ಟೆ ಅಂತಲೇ ಅನ್ನಿಸಲ್ಲ. ಉಳಿದ ಮನುಷ್ಯರೇ ದುರ್ಬಲರು ಅನ್ನಿಸುತ್ತೆ. ಕಾಮಿಕ್‌ನಲ್ಲಿ ಸರೀಸೃಪಗಳ ಸೈನ್ಯ ಕಟ್ಟೋ ಯೋಚನೆ, ಸಿನಿಮಾದಲ್ಲಿ ಇಡೀ ನ್ಯೂಯಾರ್ಕ್ ಜನರನ್ನು ತನ್ನ ಹಾಗೆ ಮಾಡೋ ಯೋಚನೆ. ಕುಡಿತ, ಜೂಜು, ಇಪ್ಪತ್ತನಾಲ್ಕು ಗಂಟೆ ಕೆಲಸದ ಹುಚ್ಚು, ಯಾವುದೇ ಇರಲಿ, ಒಳಗಿರೋರು ಹೇಳೋದೂ ಇದನ್ನೇ ಅಲ್ವಾ? ನಾನು ಚೆನ್ನಾಗೇ ಇದ್ದೀನಿ, ನಿಮಗೇ ಗೊತ್ತಾಗ್ತಿಲ್ಲ ಅಂತ.

ಈ ಕಥೆಯಲ್ಲಿ ಹೊರಗಿನಿಂದ ನೋಡೋರು ಮಾರ್ಥಾ ಮತ್ತು ಬಿಲ್ಲಿ. ಕಾಮಿಕ್‌ಗಳಲ್ಲಿ ಎಷ್ಟೋ ಸಲ ಹಲ್ಲಿಯ ಕೈ ಕೊನೇ ಕ್ಷಣದಲ್ಲಿ ತಡೆದದ್ದು ಹೆಂಡತಿ ಮಗನ ಮೇಲಿನ ಪ್ರೀತಿಯೇ. ಪ್ರೀತಿ ಇದ್ದರೆ ಎಲ್ಲ ಸರಿಹೋಗುತ್ತೆ ಅಂತ ಓದುಗರೂ ನಂಬಿದ್ದರು. 2010ರ 'ಶೆಡ್' ಅನ್ನೋ ಕಥೆಯಲ್ಲಿ ಬರಹಗಾರ ಜೆಬ್ ವೆಲ್ಸ್ ಆ ನಂಬಿಕೆಯನ್ನೇ ಮುರಿದರು. ಹಲ್ಲಿ ಬಿಲ್ಲಿಯನ್ನು ಕೊಂದುಬಿಡ್ತಾನೆ. ಕಾಮಿಕ್ ಲೋಕದಲ್ಲಿ ಸತ್ತವರು ಮರಳಿ ಬರ್ತಾರೆ, ಬಿಲ್ಲಿಯೂ ಮುಂದೆ ಬಂದ. ಆದರೆ ಆ ಪುಟಗಳನ್ನು ಓದಿದಾಗ ಆದ ಸಂಕಟ ನಿಜವಾದದ್ದು. ಮನೆಯವರ ಪ್ರೀತಿ ದೊಡ್ಡದು, ಆದರೆ ಅದೇ ಮದ್ದಲ್ಲ. ಮಗುವನ್ನು ಹಲ್ಲಿಯ ಎದುರು ನಿಲ್ಲಿಸಿ "ಅಪ್ಪಾ ಅನ್ನು, ಸರಿಹೋಗ್ತಾರೆ" ಅನ್ನೋದು ಪ್ರೀತಿಯೂ ಅಲ್ಲ. ಮೊದಲು ಮಗುವನ್ನು ಪಕ್ಕಕ್ಕೆ ಕರ್ಕೊಂಡು ಹೋಗಬೇಕು, ಆಮೇಲೆ ಮದ್ದು.

ಇನ್ನೊಂದು ಕಥೆ ಹೇಳಲೇಬೇಕು. 1971ರ ನೂರನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ತನ್ನ ಶಕ್ತಿ ಕಳ್ಕೊಳ್ಳೋಕೆ ತಾನೇ ಒಂದು ಮದ್ದು ಮಾಡಿ ಕುಡೀತಾನೆ. ಶಕ್ತಿ ಹೋಗಲ್ಲ, ಬದಲಿಗೆ ಇನ್ನೂ ನಾಲ್ಕು ಕೈ ಬರುತ್ತೆ! ಆರು ಕೈಯ ಆ ಹುಡುಗ ಸಹಾಯ ಕೇಳಿದ್ದು ಯಾರನ್ನ ಗೊತ್ತಾ? ಒಂದೇ ಕೈಯ ಡಾಕ್ಟರ್ ಕಾನರ್ಸ್‌ನನ್ನ. ಅದಕ್ಕೂ ಮೊದಲು ಅತ್ತೆ ಮೇ ಸಾಯೋ ಸ್ಥಿತಿಯಲ್ಲಿದ್ದಾಗಲೂ ರಕ್ತ ಪರೀಕ್ಷೆಗೆ ಕೂತಿದ್ದು ಇದೇ ಕಾನರ್ಸ್. ಯಾರದೋ ಜೀವ ಉಳಿಸೋ ಕೆಲಸವನ್ನೆಲ್ಲ ಅವನು ಮಾಡಿದ್ದು ಆ ಒಂದು ಕೈಯಲ್ಲಿ. ಎರಡು ಕೈ ಬಂದಾಗಲೆಲ್ಲ ಮಾಡಿದ್ದು ಬರೀ ನಾಶ.

ನಿಮ್ಮನೆ ಮಗು ಆ ಹಸಿರು ಗೊಂಬೆ ಹಿಡ್ಕೊಂಡು "ಇವನು ಕೆಟ್ಟವನಾ?" ಅಂತ ಕೇಳಿದರೆ, ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಅವನಿಗೊಬ್ಬ ಮಗ ಇದ್ದ ಅನ್ನೋದರಿಂದ ಶುರು ಮಾಡಿ.